ದೇವರ ಮಗ್ಗದ ಗಂಟುಗಳು

ಸುಗುಣಮ್ಮ ಮಗ್ಗದ ಕುಣಿಯೊಳಗೆ ಇಳಿದಳು ಅನ್ನುವುದಕ್ಕಿಂತ ಬಿದ್ದಳು ಅನ್ನುವುದೇ ಸರಿ. ಮೂವತ್ತು ವರ್ಷ ಜೈಲಿನ ಕಾವಲಿನಲ್ಲಿ ಕಲ್ಲುನೆಲ ಸವೆಸಿದ ಮೊಣಕಾಲು ಕುಣಿಯ ಅಂಚಿಗೆ ಬಡಿದು ಮಾಡಿದ ಸದ್ದಿಗೆ ಗದ್ವಾಲ ಕೋಟೆಯ ಪಾರಿವಾಳವೆಲ್ಲ ಹಾರಿ ರಾಯಚೂರು ಸೇರಿರಬೇಕು.

ಯಾರೂ ನಗಲಿಲ್ಲ. ನಗುವ ಮನೆಯಾಗಿರಲಿಲ್ಲ ಅದು.

ಅಮ್ಮನವರಿಗೆ ಉಡಿಸಲು ಇಪ್ಪತ್ತೊಂದು ದಿನದ ವ್ರತ ಹಿಡಿದು ನೇಯುತ್ತಿದ್ದ ಸೀರೆಯ ಹಾಸನ್ನು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳನ್ನು, ಯಾರೋ ನಿನ್ನೆ ಕತ್ತರಿಸಿ ಹಾಕಿದ್ದರು. ಕತ್ತರಿ ಸಿಕ್ಕಿದ್ದು ಮೈಸಮ್ಮ ನೂಲು ಸುತ್ತಿಡುವ ಕಂಡಿಕೆಯ ಬುಟ್ಟಿಯಲ್ಲಿ. ಮೈಸಮ್ಮ ಗಂಡನನ್ನು ಕೊಂದ ಕೇಸಿನಲ್ಲಿ ಹನ್ನೊಂದು ವರ್ಷ ಒಳಗಿದ್ದು ಬಂದವಳು. ಇಷ್ಟು ಸಾಕಲ್ಲ. ಊರಿಗೆ ಇನ್ನೇನು ಬೇಕು?

ಮಗ್ಗದ ಮನೆಯ ಯಜಮಾನ ಬಸವಪ್ರಸಾದ ಬಾಗಿಲಲ್ಲಿ ನಿಂತಿದ್ದ. ಅವನ ಸಿಟ್ಟು ನಿನ್ನೆಯಿಂದ ಕೋಟೆಯನ್ನು ಎರಡು ಸುತ್ತು ಹಾಕಿ ಬಂದು ಮತ್ತೆ ಅವನ ಮೂಗಿನ ತುದಿಯ ಮೇಲೆಯೇ ಕೂತಿತ್ತು. ಒಳ್ಳೆಯವನೇ ಪಾಪ. ಜೈಲಿನಿಂದ ಬಂದವಳಿಗೆ ಯಾರೂ ಒಂದು ಲೋಟ ನೀರು ಕೊಡದಿದ್ದಾಗ, ಸುಗುಣಮ್ಮ ಮಕ್ತಲದಿಂದ ಬಂದು ಕೇಳಿದ ಒಂದೇ ಮಾತಿಗೆ ಕೆಲಸ ಕೊಟ್ಟವನು. ಈಗ ಆ ಒಳ್ಳೆಯತನಕ್ಕೇ ಅವಮಾನವಾಗಿದೆ ಎಂದು ಕುದಿಯುತ್ತಿದ್ದ. ಇನ್ನು ಮುಂದೆ ಜೈಲು ಕಂಡ ಒಂದು ಇರುವೆಯನ್ನೂ ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ಬೆಳಗಿನಿಂದ ಹನ್ನೆರಡು ಸಲ ಹೇಳಿದ್ದ.

ಸುಗುಣಮ್ಮ ಜೈಲಿನ ಹೆಂಗಸರ ವಾರ್ಡಿನಲ್ಲಿ ಬೀಗದ ಕೈ ಹಿಡಿದು ಮುದುಕಿಯಾದವಳು. ನೌಕರಿ ಮುಗಿದ ಮೇಲೆ ಬೇರೆಯವರು ಕಾಶಿಗೆ ಹೋದರೆ ಇವಳು ಮನೆಮನೆಗೆ ಹೋದಳು. ಒಳಗಿನಿಂದ ಹೊರಗೆ ಬಂದ ಹೆಂಗಸರಿಗೆ ಒಂದು ಕೆಲಸ, ಮಲಗಲು ಒಂದು ಮೂಲೆ. ಆರು ವರ್ಷದಲ್ಲಿ ಹದಿನಾಲ್ಕು ಮಂದಿಗೆ ಜಾಗ ಹುಡುಕಿದ್ದಳು. ಮೈಸಮ್ಮ ಹದಿನೈದನೆಯವಳು.

ಮೈಸಮ್ಮನ ಬಿಡುಗಡೆಗೆ ಒಂದು ಶರತ್ತು ಇತ್ತು. ಒಳ್ಳೆಯ ನಡತೆಗೆಂದು ಶಿಕ್ಷೆ ಮುಗಿಯುವ ಮೊದಲೇ ಬಿಟ್ಟಿದ್ದರು. ಹೊಸದಾಗಿ ಒಂದು ಕೇಸು ಬಿದ್ದರೂ ಆ ಕಾಗದ ಹರಿಯುತ್ತದೆ. ಉಳಿದ ಶಿಕ್ಷೆ ಮತ್ತೆ ಮೈಮೇಲೆ ಬರುತ್ತದೆ. ಅದು ಜೀವಾವಧಿ ಶಿಕ್ಷೆ.

ಎಸ್ಸೈ ಶ್ರೀನಿವಾಸುಲು ಸುಗುಣಮ್ಮನ ನೌಕರಿಗೆ ಮರ್ಯಾದೆ ಕೊಟ್ಟು, ಮೈಸಮ್ಮನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿಕೊಂಡಿದ್ದರೂ ಮಧ್ಯಾಹ್ನ ಮೂರರ ತನಕ ಕೇಸು ಬರೆಯುವುದಿಲ್ಲ ಎಂದಿದ್ದ. ಈಗ ಹನ್ನೊಂದೂವರೆ.

ಸುಗುಣಮ್ಮ ಕುಣಿಯಲ್ಲಿ ಕೂತು ಮೂಗು ಎಳೆಗೆ ತಾಗುವಷ್ಟು ಬಗ್ಗಿದಳು. ಕನ್ನಡಕ ಜಾರಿತು. ಮಾಗಿದ ಮಾವಿನ ಬಣ್ಣದ ಸೀರೆ, ಒಂದು ಮೊಳ ನೇಯ್ದಿದ್ದರು. ಅದರ ಆಚೆ ಹಣಿಗೆ, ಅಂದರೆ ಎಳೆಗಳೆಲ್ಲ ಒಂದೊಂದಾಗಿ ಹಲ್ಲಿನ ನಡುವೆ ಹಾಯ್ದು ಬರುವ ಬಾಚಣಿಗೆ. ಕತ್ತರಿ ಬಿದ್ದದ್ದು ಹಣಿಗೆಯ ಹಿಂದೆ. ಹಣಿಗೆಯಿಂದ ಒಂದು ಗೇಣು ಬಿಟ್ಟು, ಗೆರೆ ಎಳೆದ ಹಾಗೆ.

ಆ ಗೇಣುದ್ದದ ಎಳೆಗಳು ಜೋತು ಬಿದ್ದಿರಲಿಲ್ಲ. ಹಿಡಿಹಿಡಿಯಾಗಿ ಹಿಡಿದು ಗಂಟು ಹಾಕಿದ್ದರು. ಸುಗುಣಮ್ಮ ಎಣಿಸಿದಳು. ನಲವತ್ತು ಗಂಟು. ಎಲ್ಲವೂ ಒಂದೇ ಅಳತೆ.

ಈ ಗಂಟು ಯಾರು ಹಾಕಿದರು ಎಂದು ಕೇಳಿದಳು. ಬಸವಪ್ರಸಾದ ತಾನು ಮುಟ್ಟಿಲ್ಲ ಎಂದ. ಪೊಲೀಸರೂ ಮುಟ್ಟಿರಲಿಲ್ಲ. ವ್ರತದ ಮಗ್ಗ, ನೇಯುವ ಇಬ್ಬರನ್ನು ಬಿಟ್ಟರೆ ಯಾರೂ ಮುಟ್ಟುವ ಹಾಗಿಲ್ಲ ಎಂದು ಅವರಿಗೂ ಹೇಳಿದ್ದ.

ಆ ಇಬ್ಬರಲ್ಲಿ ಒಬ್ಬ ವೀರಯ್ಯ, ಎಪ್ಪತ್ತು ದಾಟಿದ ನೇಕಾರ. ಮೂಲೆಯಲ್ಲಿ ಹಣೆಗೆ ಕೈ ಹಚ್ಚಿ ಕೂತಿದ್ದ. ನಿನ್ನೆ ತೆಲುಗು ನಾಡು ಎರಡಾಗಿ ಹೊಸ ರಾಜ್ಯ ಹುಟ್ಟಿದ ದಿನ. ಮೆರವಣಿಗೆಗೆ ಓಣಿಗೆ ಓಣಿಯೇ ಖಾಲಿಯಾಗಿತ್ತು. ವೀರಯ್ಯ ದಪ್ಪು ಬಾರಿಸುವವರ ಮುಂದೆ ಕುಣಿದ ಕುಣಿತವನ್ನು ಸಾವಿರ ಜನ ಕಂಡಿದ್ದರು. ಅವನ ಕಿವಿಯ ಕೂದಲಲ್ಲಿ ಗುಲಾಬಿ ಬಣ್ಣದ ಗುಲಾಲು ಇನ್ನೂ ಕೂತಿತ್ತು. ಬಸವಪ್ರಸಾದ ವೇದಿಕೆಯ ಮೇಲೆ ಕಂಡ ಕಂಡವರಿಗೆ ಹಾರ ಹಾಕುತ್ತಿದ್ದ. ಮನೆಯಲ್ಲಿ ರಾಟೆಯ ಮುಂದೆ ಉಳಿದವಳು ಮೈಸಮ್ಮ ಒಬ್ಬಳೇ. ನಡುವೆ ಒಂದು ತಾಸು ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದೆ ಎಂದಿದ್ದಳು. ಅದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

“ವೀರಯ್ಯಣ್ಣ, ಕುಣಿದು ಸಾಕಾಗಿದ್ರ ಸ್ವಲ್ಪ ಇಲ್ಲಿ ಬರ್ರಿ,” ಎಂದಳು ಸುಗುಣಮ್ಮ. “ಈ ಗಂಟು ಏನ್ ಹೇಳ್ತಾವ ನೋಡ್ರಿ.”

ಮುದುಕ ಬಂದು ಬಗ್ಗಿದ. ನೋಡಿದ. ಬೆರಳಿನಿಂದ ಒಂದು ಗಂಟು ಸವರಿದ. ಅವನ ಮುಖದ ಬಣ್ಣ ಇಳಿದದ್ದು ಅವಳಿಗೆ ಕಂಡಿತು.

ಅವನು ನಿಧಾನವಾಗಿ ವಿವರಿಸಿದ. ಸೀರೆ ಮುಗಿದ ಮೇಲೆ ನೇಕಾರ ಹಾಸನ್ನು ಪೂರ್ತಿ ಎಳೆದು ತೆಗೆಯುವುದಿಲ್ಲ. ಹಣಿಗೆಯ ಹಿಂದೆ ಒಂದು ಗೇಣು ಬಿಟ್ಟು ಕತ್ತರಿಸಿ, ತುದಿಗಳನ್ನು ಗಂಟು ಕಟ್ಟುತ್ತಾನೆ. ಮುಂದಿನ ಹಾಸು ಬಂದಾಗ ಬೂದಿ ಹಚ್ಚಿದ ಬೆರಳಿನಿಂದ ಒಂದೊಂದು ಹೊಸ ಎಳೆಯನ್ನು ಒಂದೊಂದು ಹಳೆ ಎಳೆಗೆ ಹೊಸೆದು ಕೂಡಿಸುತ್ತಾನೆ. ಗಂಟು ಕಟ್ಟದಿದ್ದರೆ ಎಳೆ ಹಲ್ಲಿನಿಂದ ಜಾರುತ್ತದೆ. ಜಾರಿದರೆ ಸಾವಿರ ಸಾವಿರ ಎಳೆಯನ್ನು ಮೊದಲಿನಿಂದ ಪೋಣಿಸಬೇಕು.

“ಮಗ್ಗದ ಮನ್ಯಾಗ ಹುಟ್ಟಿದ ಕೂಸಿಗಿ ಇದು ಉಣ್ಣೂದು ಕಲಿಸೂಕಿಂತ ಮೊದಲ ಕಲಿಸ್ತೀವ್ರಿ ತಂಗಿ,” ಎಂದ. “ಖಾಲಿ ಮಗ್ಗ ಬಿಡಬಾರದು ಅಂತ.”

“ಮೈಸಮ್ಮಗ ಇದು ಬರ್ತದೇನು?”

ಬರುವುದಿಲ್ಲ ಎಂದ ವೀರಯ್ಯ. ಅವಳು ಕೊತ್ತಪಲ್ಲಿ ಕಡೆಯ ಹೊಲದ ಕೂಲಿಯವರ ಮಗಳು. ರಾಟೆ ತಿರುಗಿಸಿ ಕಂಡಿಕೆ ಸುತ್ತುವುದು ಬಿಟ್ಟರೆ ಮಗ್ಗದ ಒಂದು ಹಲ್ಲೂ ಗೊತ್ತಿಲ್ಲ.

ಅಂದರೆ ಹಾಳು ಮಾಡಲು ಬಂದ ಕೈ ನೇಕಾರನದು. ಸಿಟ್ಟಿನಲ್ಲಿ ಕತ್ತರಿಸಿತು, ಕತ್ತರಿಸಿ ಆದ ಮೇಲೆ ತನಗೇ ಗೊತ್ತಿಲ್ಲದೆ ಮತ್ತೆ ಕೂಡಿಸಲು ಬರುವ ಹಾಗೆ ಕಟ್ಟಿಟ್ಟು ಹೋಯಿತು.

ವೀರಯ್ಯನ ಕಣ್ಣಲ್ಲಿ ನೀರು ಬಂತು. ಹಾಗಾದರೆ ಆ ಹೆಂಗಸು ಉಳಿದಳಲ್ಲ ಎಂದು ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ಎದ್ದೇಬಿಟ್ಟ. ಸುಗುಣಮ್ಮ ಕುಣಿಯಿಂದ ಒಂದು ಕಾಲು ಮೇಲಿಡುವಷ್ಟರಲ್ಲಿ ಅವನು ಓಣಿಯ ತಿರುವು ದಾಟಿದ್ದ. ಎಲ್ಲಿಗೆ ಹೊರಟ ಎಂದು ಅವಳು ಕೇಳಬೇಕಿತ್ತು. ಕೇಳಲಿಲ್ಲ. ಅವಳ ತಲೆಯಲ್ಲಿ ಆಗ ಇದ್ದದ್ದು ಆ ಮಗ್ಗದ ಎರಡನೆಯ ಕೈ.

ಎರಡನೆಯ ಕೈ ಝಾನ್ಸಿಯದು. ಹದಿನೆಂಟು ವರ್ಷದ ಹುಡುಗಿ. ನಿನ್ನೆ ಜ್ವರವೆಂದು ಮೆರವಣಿಗೆಗೆ ಬಂದಿರಲಿಲ್ಲ. ಇವತ್ತು ಕೆಲಸಕ್ಕೂ ಬಂದಿರಲಿಲ್ಲ.

ಅವಳು ಯಾರು ಎಂದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುಗುಣಮ್ಮನಿಗೆ ಗೊತ್ತಿತ್ತು. ಅವಳು ಮೈಸಮ್ಮನ ಮಗಳು.

ಕೆಲಸ ಎಲ್ಲಿ ಬೇಕು ಎಂದು ಕೇಳಿದಾಗ ಮೈಸಮ್ಮ ಈ ಒಂದು ಮನೆಯ ಹೆಸರನ್ನೇ ಹೇಳಿದ್ದಳು. ಮಗಳ ಮುಂದೆ ಹೋಗಿ ನಿಲ್ಲುವುದಿಲ್ಲ, ನಾನು ತಾಯಿ ಎನ್ನುವುದಿಲ್ಲ, ರಾಟೆಯ ಹಿಂದೆ ಕೂತು ದಿನಕ್ಕೊಮ್ಮೆ ನೋಡುತ್ತೇನೆ, ಅಷ್ಟೇ ಎಂದಿದ್ದಳು. ಸುಗುಣಮ್ಮ ಕರಗಿದಳು. ಮೂವತ್ತು ವರ್ಷ ಜೈಲಿನಲ್ಲಿ ಕಲ್ಲಾದವಳು ಬೆಣ್ಣೆಯ ಹಾಗೆ ಕರಗಿದಳು. ತಪ್ಪು ಮಾಡಿದೆನೇನೋ ಎಂದು ಈಗ ಮೊದಲ ಸಲ ಅನಿಸಿತು.

ಝಾನ್ಸಿಯ ಮನೆ ಅದೇ ಓಣಿಯ ಕೊನೆಯಲ್ಲಿತ್ತು. ಕೊಲೆಯಾದ ಮೇಲೆ ಹಳೆಯ ಊರು ಬಿಟ್ಟು ಇಲ್ಲಿಗೆ ಬಂದ ಅಜ್ಜಿ ಪೆಂಟಮ್ಮ ಸಾಕಿದ ಹುಡುಗಿ. ಪೆಂಟಮ್ಮ ಮೈಸಮ್ಮನ ಸತ್ತ ಗಂಡನ ತಾಯಿ; ಮಗ ಕೂಲಿಯವರ ಹುಡುಗಿಯನ್ನು ಮೆಚ್ಚಿ ತಂದಾಗ ಆಕೆಗೆ ಮಗ್ಗ ಮುಟ್ಟಗೊಡದವಳು. ಸುಗುಣಮ್ಮ ಹೋದಾಗ ಮುದುಕಿ ಇರಲಿಲ್ಲ, ಅಂಗಡಿಗೆ ಹೋಗಿದ್ದಳು. ಝಾನ್ಸಿ ಹಿತ್ತಲಲ್ಲಿ ಗಂಜಿ ಹಾಕಿದ ನೂಲನ್ನು ಬಿಸಿಲಿಗೆ ಹರವುತ್ತಿದ್ದಳು. ಜ್ವರದ ಸುಳಿವೂ ಇರಲಿಲ್ಲ.

ಸುಗುಣಮ್ಮ ಮೊದಲು ಕುಡಿಯಲು ನೀರು ಕೇಳಿದಳು. ಮಕ್ತಲದಿಂದ ಬರುವ ಬಸ್ಸು ಜೂರಾಲ ಅಣೆಕಟ್ಟೆಯ ಮೇಲೆ ಎಷ್ಟು ಹೊತ್ತು ನಿಂತಿತು ಅಂದರೆ ಕೆಳಗಿನ ಮೀನುಗಳೆಲ್ಲ ತನಗೆ ಪರಿಚಯವಾದವು ಎಂದಳು. ಹುಡುಗಿ ತುಟಿ ಸಡಿಲಿಸಲಿಲ್ಲ. ನೀರು ಕೊಟ್ಟು ಮತ್ತೆ ನೂಲಿನ ಕಡೆ ತಿರುಗಿದಳು.

ಗೋಡೆಯ ಪಕ್ಕ ಒಂದು ಹಳೆ ಮಗ್ಗ ಇತ್ತು. ಅದರಲ್ಲಿ ಹಳೆ ಎಳೆಗಳ ಗಂಟುಗಳು ಧೂಳು ಹಿಡಿದು ಕೂತಿದ್ದವು. ಸುಗುಣಮ್ಮ ಹತ್ತಿರ ಹೋಗಿ, ಮಾತಾಡುತ್ತಲೇ ಒಂದು ಗಂಟು ಬಿಚ್ಚಿದಳು. ಇನ್ನೊಂದು ಬಿಚ್ಚಿದಳು. ಎಳೆಗಳನ್ನು ಬೆರಳಿಗೆ ಸುತ್ತಿ ಎಳೆಯತೊಡಗಿದಳು.

ಹುಡುಗಿಯ ಕೈ ಹಾರಿ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

“ಬಿಚ್ಚಬ್ಯಾಡ್ರಿ. ಜಾರ್ತಾವ.”

ಅಷ್ಟೇ ಹೇಳಿ ಅವಳೇ ಕೂತು, ಬಿಚ್ಚಿದ ಎರಡನ್ನೂ ಮತ್ತೆ ಕಟ್ಟಿದಳು. ಬೆರಳುಗಳು ನೋಡದೆಯೇ ಕೆಲಸ ಮಾಡಿದವು. ಬೆಳಿಗ್ಗೆ ಎಣಿಸಿದ ನಲವತ್ತು ಗಂಟಿನ ಅದೇ ಅಳತೆ, ಅದೇ ಬಿಗಿ.

“ನಿನ್ನೆ ಹಿಂಗಾ ಕಟ್ಟಿಯೇನವ್ವ?” ಎಂದಳು ಸುಗುಣಮ್ಮ. “ದೇವರ ಹಾಸು ಕತ್ತರಿಸಿದ ಮ್ಯಾಲೆ?”

ಝಾನ್ಸಿ ತನ್ನ ಕೈಗಳನ್ನು ನೋಡಿಕೊಂಡಳು.

“ಕತ್ತರಿಸಿದ್ದು ನೆನಪೈತಿ,” ಎಂದಳು. “ಗಂಟು ಕಟ್ಟಿದ್ದು ನೆನಪಾ ಇಲ್ರಿ.”

ಆಮೇಲೆ ಉಳಿದದ್ದು ತುಂಡು ತುಂಡಾಗಿ, ಎರಡು ತಾಸು ಹಿಡಿದು ತಾನಾಗಿ ಬಂತು. ಕಂಡಿಕೆ ಸುತ್ತುವ ಹೆಂಗಸು ದಿನವೂ ತನ್ನನ್ನೇ ನೋಡುತ್ತಿದ್ದಳಂತೆ. ಎಳೆ ಕಡಿದರೂ ಗೊತ್ತಾಗದ ಹಾಗೆ ನೋಡುತ್ತಿದ್ದಳಂತೆ. ವ್ರತದಲ್ಲಿ ಒಂದೇ ಹೊತ್ತು ಊಟವೆಂದು ತಿಳಿದು, ತನ್ನ ಪಾಲಿನ ಮಜ್ಜಿಗೆಯನ್ನೂ ಇವಳ ಪಕ್ಕ ತಂದಿಟ್ಟು ಹೋಗುತ್ತಿದ್ದಳಂತೆ. ಯಾಕೆ ಎಂದು ಅಜ್ಜಿಯನ್ನು ಕೇಳಿದಾಗ, ಹೋದ ವಾರ ಅಜ್ಜಿ ಹೇಳಿದಳು: ಅವಳೇ ನಿನ್ನ ತಾಯಿ, ನಿನ್ನ ಅಪ್ಪನನ್ನು ತಿಂದವಳು.

“ಆ ಮಜ್ಜಿಗಿ ನಾ ಕುಡದೀನ್ರಿ,” ಎಂದಳು ಝಾನ್ಸಿ. “ಒಂದು ವಾರ ಕುಡದೀನಿ. ಗೊತ್ತಾದ ದಿನ ಎಲ್ಲಾ ಕಾರಿಕೊಂಡೀನಿ.”

ಅಪ್ಪ ಸತ್ತ ದಿನ ಏನು ಕಂಡೆ ಎಂದು ಸುಗುಣಮ್ಮ ಕೇಳಿದಳು. ಆಗ ಏಳು ವರ್ಷ, ಏನೂ ನೆನಪಿಲ್ಲ ಎಂದಳು ಹುಡುಗಿ. ಅಪ್ಪ ಕುಡಿದು ಬಂದದ್ದು, ಮನೆಯಲ್ಲಿ ತಾಯಿ, ಅಜ್ಜಿ, ತಾನು ಮೂವರೇ ಇದ್ದದ್ದು ನೆನಪು. ಆಮೇಲೆ ಅಜ್ಜಿಯ ಸೆರಗು ಮುಖದ ಮೇಲೆ. ಆಮೇಲೆ ಪೊಲೀಸರು. ಉಳಿದದ್ದೆಲ್ಲ ಅಜ್ಜಿ ಹೇಳಿ ಗೊತ್ತು.

ಕತ್ತರಿಯನ್ನು ಕಂಡಿಕೆಯ ಬುಟ್ಟಿಯಲ್ಲಿಟ್ಟದ್ದೂ ತಾನೇ ಎಂದು ಒಪ್ಪಿಕೊಂಡಳು. ಮಾಲೀಕರು ಅವಳನ್ನು ಹೊರಗೆ ಹಾಕಲಿ, ಎಲ್ಲಾದರೂ ದೂರ ಹೋಗಲಿ, ಅಷ್ಟೇ ಬೇಕಿತ್ತು.

“ದೂರ ಅಲ್ಲವ್ವ, ಆಕಿ ಒಳಗ ಹೋಗ್ತಾಳ.” ಸುಗುಣಮ್ಮನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಶರತ್ತಿನ ಕಾಗದದ ವಿಷಯ ಹೇಳಿದಳು.

ಹುಡುಗಿಯ ಕೈಯಲ್ಲಿದ್ದ ನೂಲಿನ ಲಡಿ ಜಾರಿ ಮಣ್ಣಿಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

“ಎಷ್ಟು ವರ್ಷ?”

“ಬದುಕಿರೂ ತನಕ.”

ಝಾನ್ಸಿ ಅಳಲಿಲ್ಲ. ಅತ್ತಿದ್ದರೆ ಸುಗುಣಮ್ಮನಿಗೆ ಹಗುರಾಗುತ್ತಿತ್ತು. ಅವಳು ಮಣ್ಣಾದ ಲಡಿಯನ್ನೇ ನೋಡುತ್ತ ನಿಂತು, ಅಪ್ಪನನ್ನು ಕೊಂದದ್ದಕ್ಕೆ ಅವಳು ಒಳಗೆ ಇದ್ದದ್ದು ಸರಿಯೇ, ಆದರೆ ಇದಕ್ಕಲ್ಲ ಎಂದಳು. ತಾನೇ ಠಾಣೆಗೆ ಬಂದು ಹೇಳುತ್ತೇನೆ, ಅಜ್ಜಿಗೆ ಒಂದು ಮಾತು ತಿಳಿಸಿ ಬರುತ್ತೇನೆ ಎಂದಳು.

ಸುಗುಣಮ್ಮ ಆಟೋ ಹತ್ತಿದಾಗ ಎರಡೂ ಮುಕ್ಕಾಲು. ಹೊಟ್ಟೆಗೆ ಬೆಳಗಿನಿಂದ ಏನೂ ಬಿದ್ದಿರಲಿಲ್ಲ. ಆದರೂ ಮನಸ್ಸು ಹಗುರಾಗಿತ್ತು. ಮೈಸಮ್ಮ ಉಳಿದಳು, ಹುಡುಗಿಯ ತಪ್ಪಿಗೆ ಬಸವಪ್ರಸಾದನ ಕಾಲು ಹಿಡಿದಾದರೂ ರಾಜಿ ಮಾಡಿಸಬಹುದು. ಅವನ ಕಾಲು ಸಿಗದಿದ್ದರೆ ಅವನ ಎಮ್ಮೆಯ ಕಾಲನ್ನಾದರೂ ಹಿಡಿದೇನು ಎಂದುಕೊಂಡಳು.

ಠಾಣೆಯ ಬೋರ್ಡಿನಲ್ಲಿ ಹಳೆ ರಾಜ್ಯದ ಹೆಸರು ಕೆರೆದಿದ್ದರು, ಹೊಸದನ್ನು ಇನ್ನೂ ಬರೆದಿರಲಿಲ್ಲ. ಮೆಟ್ಟಿಲ ಮೇಲೆ ವೀರಯ್ಯ ಕೂತಿದ್ದ. ಅವಳನ್ನು ಕಂಡವನೇ ಎದ್ದು ಕೈ ಮುಗಿದ.

“ನಾ ಒಳ್ಳೇದಾಗ್ಲಿ ಅಂತ ಬಂದೀನ್ರಿ ತಂಗಿ.”

ಅವನು ಬೆಳಿಗ್ಗೆ ಓಡಿ ಬಂದದ್ದು ಇಲ್ಲಿಗೇ. ಬೆಂಚಿನ ಮೇಲೆ ಕೂತಿದ್ದ ಮೈಸಮ್ಮನಿಗೆ ಸಂತೋಷದಿಂದ ಎಲ್ಲ ಹೇಳಿದ್ದ: ನೀನು ಉಳಿದೆಯವ್ವ, ಗಂಟು ಕಟ್ಟಿದ ಕೈ ನೇಕಾರರದು, ಆ ಮಗ್ಗ ಮುಟ್ಟುವವರು ನಾನು ಬಿಟ್ಟರೆ ಝಾನ್ಸಿ ಒಬ್ಬಳೇ.

ಮೈಸಮ್ಮ ಅದನ್ನು ಕೇಳಿ ಎದ್ದು ನಿಂತಳಂತೆ. ನೇರವಾಗಿ ಎಸ್ಸೈ ಮೇಜಿನ ಮುಂದೆ ಹೋಗಿ, ನಾನೇ ಕತ್ತರಿಸಿದೆ, ಬರೆದುಕೊಳ್ಳಿ ಎಂದಳಂತೆ. ಗಂಟು ಕಟ್ಟುವುದನ್ನು ಇವರನ್ನೆಲ್ಲ ನೋಡಿ ನೋಡಿ ಕಲಿತೆ ಎಂದಳಂತೆ. ತಾನಾಗಿ ಒಪ್ಪಿಕೊಂಡವಳನ್ನು ಮೂರರ ತನಕ ಕಾಯಿಸುವುದು ಹೇಗೆ? ಕಾಗದ ಬರೆದಾಗಿತ್ತು. ಕೆಳಗೆ ಹೆಬ್ಬೆಟ್ಟು ಬಿದ್ದಾಗಿತ್ತು.

ಶ್ರೀನಿವಾಸುಲು ಸುಗುಣಮ್ಮನಿಗೆ ಕುರ್ಚಿ ಎಳೆದುಕೊಟ್ಟ. “ಕೂರ್ಚೋಂಡಿ, ಅಮ್ಮಾ,” ಎಂದ ತೆಲುಗಿನಲ್ಲಿ. ಅವನಿಗೂ ಅನ್ನ ಸೇರಿದ ಹಾಗೆ ಕಾಣಲಿಲ್ಲ. ತಾನು ಹೊರಗೆ ಇರುತ್ತೇನೆ, ಮಾತಾಡಿಕೊಳ್ಳಿ ಎಂದು ಎದ್ದು ಹೋದ.

ಮೈಸಮ್ಮ ಬೆಂಚಿನ ಮೇಲೆ ಕಾಲು ಮಡಚಿ, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಹನ್ನೊಂದು ವರ್ಷ ವಾರ್ಡಿನ ಮೂಲೆಯಲ್ಲಿ ಕೂತ ಅದೇ ಕೂರುವಿಕೆ. ಬಲಗೈಯ ಹೆಬ್ಬೆರಳು ನೀಲಿಯಾಗಿತ್ತು. ಅದನ್ನು ಸೆರಗಿನಿಂದ ಒರೆಸುತ್ತ ಇದ್ದಳು.

ಸುಗುಣಮ್ಮ ಪಕ್ಕದಲ್ಲಿ ಕೂತಳು. ಬೈಯಲೆಂದು ತೆರೆದ ಬಾಯಿಂದ ಬಂದದ್ದು ಬೇಡಿಕೆ. ಬೈಗುಳದಲ್ಲಿ ಇಡೀ ಜೈಲನ್ನು ಸೋಲಿಸಿದ ಬಾಯಿ ಅದು. ಝಾನ್ಸಿ ಎಲ್ಲ ಒಪ್ಪಿಕೊಂಡಿದ್ದಾಳೆ, ಈಗ ಬರುತ್ತಾಳೆ, ಈ ಕಾಗದ ಹರಿದು ಹಾಕಿಸೋಣ ಎಂದಳು ಕಡೆಗೆ.

“ಬ್ಯಾಡ್ರಿ ಅಕ್ಕ.” ಮೈಸಮ್ಮ ಮೆತ್ತಗೆ ಹೇಳಿದಳು. “ಆ ಜಾಗ ನನಗ ಗೊತ್ತೈತಿ. ಯಾವ ಮೂಲಿಗಿ ಗಾಳಿ ಬರ್ತದ, ಯಾವ ಹೊತ್ತಿಗಿ ನಳ ಬರ್ತದ, ಎಲ್ಲಾ ಗೊತ್ತೈತಿ. ಆಕಿಗಿ ಏನ್ ಗೊತ್ತೈತ್ರಿ? ಆಕಿ ಇನ್ನಾ ಕೂಸು.”

“ಆಕಿಗೇನು ಜೀವಾವಧಿ ಹಾಕ್ತಾರಂತ ಮಾಡೀಯೇನು? ಹೆಚ್ಚಂದ್ರ ಒಂದು ಬೈಗುಳ. ನಿನಗ ಸಾಯೂ ತನಕ.”

“ಒಂದು ಸಲ ಠಾಣೆ ಮೆಟ್ಟಿಲು ಹತ್ತಿದ ಹೆಣ್ಣಿನ ಹೆಸರು ಏನಾಗ್ತದಂತ ನಿಮಗ ನಾ ಹೇಳಬೇಕೇನ್ರಿ? ಹದಿನಾಲ್ಕು ಮಂದಿಗಿ ಕೆಲಸ ಬೇಡಾಕ ಎಷ್ಟು ಮನಿ ತಿರಗಿರಿ ನೀವು?”

ಗೋಡೆಯ ಆಚೆ ಯಾರೋ ಮೆರವಣಿಗೆಯ ಉಳಿದ ಪಟಾಕಿ ಹೊಡೆಯುತ್ತಿದ್ದರು.

ಮೈಸಮ್ಮ ನೀಲಿ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ನಕ್ಕಳೋ ಏನೋ, ತುಟಿ ಸ್ವಲ್ಪ ಸರಿಯಿತು.

“ಇದು ಅಷ್ಟು ಲಗೂನ ಹೋಗೂದಿಲ್ರಿ. ಹನ್ನೊಂದು ವರ್ಷದ ಹಿಂದ ಒತ್ತಿದಾಗೂ ವಾರಗಟ್ಟಲೆ ಇತ್ತು.” ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ಅದೂ ನಾ ಮಾಡಿದ್ದಲ್ರಿ ಅಕ್ಕ.”

ಸುಗುಣಮ್ಮನಿಗೆ ಕುರ್ಚಿ, ಬೆಂಚು, ಠಾಣೆ ಎಲ್ಲ ಒಮ್ಮೆಲೇ ದೂರ ಸರಿದ ಹಾಗಾಯಿತು. ನೌಕರಿ ಮುಗಿಯುವ ತನಕ ದಿನಾ ಸಂಜೆ ಅವಳ ಮೇಲೆ ಬೀಗ ಹಾಕಿದ್ದು ತನ್ನದೇ ಕೈ.

“ಮತ್ತ ಯಾರು?” ಎಂದಳು. “ಯಾರ ಸಲುವಾಗಿ ಹೋದಿ ನೀನು?”

ಮೈಸಮ್ಮ ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ನೋಡಿದವಳು ಹಾಗೆಯೇ ಉಳಿದಳು.

ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಓಡಿ ಬಂದು ಏದುಸಿರು ಬಿಡುತ್ತಿದ್ದ ಝಾನ್ಸಿ, ಅವಳ ಹಿಂದೆ ಅಜ್ಜಿ ಪೆಂಟಮ್ಮ. ಕಳ್ಳಿಯರ ಕಣ್ಣು, ಕೊಲೆಗಾರ್ತಿಯರ ಕಣ್ಣು ಮೂವತ್ತು ವರ್ಷ ಓದಿದ ಸುಗುಣಮ್ಮನಿಗೆ, ಮೈಸಮ್ಮನ ಕಣ್ಣು ಆ ಇಬ್ಬರಲ್ಲಿ ಯಾರ ಮೇಲೆ ನಿಂತಿದೆ ಎಂದು ತಿಳಿಯಲಿಲ್ಲ.

ಮೈಸಮ್ಮ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಪೆಂಟಮ್ಮ ಹಿಂದಿನಿಂದ ಎರಡೂ ಕೈ ಚಾಚಿ ಮೊಮ್ಮಗಳ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿದಳು, ಹನ್ನೊಂದು ವರ್ಷದ ಹಿಂದೆ ಸೆರಗಿನಿಂದ ಅವಳ ಮುಖ ಮುಚ್ಚಿದ ಹಾಗೆ.